ಮರದ ಶೆಡ್ಡು ಕೊಳ್ಳುವ ಮುನ್ನ ಅಂಗಳದ ಅಳತೆ

ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಸಣ್ಣ ಬೆಳೆಗಾರನಿಗೆ ದಾಸ್ತಾನಿನ ಚಿಂತೆ ಅಷ್ಟಾಗಿ ಇರಲಿಲ್ಲ. 1996ರಲ್ಲಿ ಆ ಪದ್ಧತಿ ಪೂರ್ತಿಯಾಗಿ ಕೊನೆಗೊಂಡು, ಬೆಲೆ ನೋಡಿ ಮಾರುವ ಸ್ವಾತಂತ್ರ್ಯ ಎಲ್ಲರಿಗೂ ಬಂದಿತು. ಬೆಲೆ ಬರುವವರೆಗೆ ಮಾಲನ್ನು ಒಣಗಿದ ಹಾಗೆಯೇ ಕಾಪಾಡುವ ಹೊರೆಯೂ ಅದರ ಜೊತೆಯಲ್ಲೇ ಬಂದಿತು. ಅಡಿಕೆ ಬೆಳೆಗಾರನಿಗಂತೂ ಈ ಹೊರೆ ಹಳೆಯದು. ನಡುಮನೆಯಲ್ಲಿ, ಅಟ್ಟದಲ್ಲಿ ಮೂಟೆ ಒಟ್ಟಿ ಸಾಕಾದವರು ಮರದ ಶೆಡ್ಡಿನ ಕಡೆ ನೋಡುವುದು ಸಹಜ. ತೋಟದ ಸಿಲ್ವರ್ ಓಕ್ ಕೊಯ್ಯಿಸಿ ಬಡಗಿಯಿಂದ ಕಟ್ಟಿಸುವವರುಂಟು. ಭಾಗ ಭಾಗವಾಗಿ ಲಾರಿಯಲ್ಲಿ ಬಂದು ಜೋಡಣೆಯಾಗುವ ಸಿದ್ಧ ಕಟ್ಟಡ ಕೊಳ್ಳುವವರೂ ಉಂಟು. ಮರ ಯಾವುದು, ಗೆದ್ದಲಿಗೆ ಔಷಧಿ ಏನು ಎಂದು ಎಲ್ಲರೂ ಕೇಳುತ್ತಾರೆ. ನಿಲ್ಲಿಸುವ ಜಾಗವನ್ನು ಟೇಪು ಹಿಡಿದು ಅಳೆಯುವ ಕೆಲಸ ಮಾತ್ರ ಹಿಂದೆ ಬೀಳುತ್ತದೆ. ಅದರ ಬಗ್ಗೆಯೇ ಈ ಸಲ ಬರೆಯುತ್ತಿದ್ದೇವೆ.

ಮಾರುವವರು ಶೆಡ್ಡಿನ ಅಳತೆಯನ್ನು 12ಕ್ಕೆ 16 ಅಡಿ ಎಂದು ಹೇಳುತ್ತಾರೆನ್ನಿ. ಅದು ಸಾಮಾನ್ಯವಾಗಿ ಗೋಡೆಯ ಹೊರ ಅಳತೆ. 192 ಚದರಡಿ, ಅಂದರೆ ಗುಂಟೆಯ ಲೆಕ್ಕದಲ್ಲಿ ಮೂರಾಣೆಯೂ ಆಗದ ಜಾಗ. ಇಷ್ಟು ಜಾಗ ಯಾರ ಅಂಗಳದಲ್ಲಿ ಇಲ್ಲ ಎಂದು ಅನಿಸುತ್ತದೆ. ಆದರೆ ಮಾಡಿನ ಸೂರು ನಾಲ್ಕೂ ಕಡೆ ಒಂದೂವರೆ ಅಡಿ ಚಾಚಿದರೆ 15ಕ್ಕೆ 19 ಆಯಿತು. ಸೂರಿನ ನೀರು ಬೀಳುವ ಚರಂಡಿಗೆ, ಹಲಗೆಗೆ ವರ್ಷಕ್ಕೊಮ್ಮೆ ಎಣ್ಣೆ ಬಳಿಯಲು, ಗೆದ್ದಲು ಹತ್ತಿದೆಯೇ ಎಂದು ಸುತ್ತ ಬಗ್ಗಿ ನೋಡಲು ಇನ್ನೂ ಮೂರು ಮೂರು ಅಡಿ ಬೇಕೇ ಬೇಕು. ಈಗ 21ಕ್ಕೆ 25, ಒಟ್ಟು 525 ಚದರಡಿ. ಹೆಚ್ಚುಕಡಿಮೆ ಅರ್ಧ ಗುಂಟೆ. ಒಂಬತ್ತು ಅಡಿ ಅಂತರದ ತೋಟದಲ್ಲಿ ಆರೇಳು ಅಡಿಕೆ ಮರ ನಿಲ್ಲುವ ನೆಲವಿದು. ಎರಡು ಎಕರೆಯವನಿಗೆ ಇದು ಸಣ್ಣ ಮಾತಲ್ಲ.

ಸುತ್ತ ಬಿಡುವ ಜಾಗವನ್ನು ವ್ಯರ್ಥವೆಂದು ತಿಳಿಯುವವರು ನಮ್ಮ ಬೇಲೂರು, ಹಳೇಬೀಡಿನ ಗುಡಿಗಳನ್ನು ಒಮ್ಮೆ ನೆನೆಯಬಹುದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿ ಜಗತಿಯ ಅಂಚಿಗೆ ತಗಲಿಕೊಂಡು ನಿಂತಿಲ್ಲ. ಸುತ್ತ ನಡೆಯುವ ಹಾದಿ ಬಿಟ್ಟೇ ಕಟ್ಟಿದ್ದಾರೆ; ಪ್ರದಕ್ಷಿಣೆಗೂ ಆಯಿತು, ಗೋಡೆ ನೋಡಿಕೊಳ್ಳಲಿಕ್ಕೂ ಆಯಿತು. ಕಲ್ಲಿನ ಕಟ್ಟಡಕ್ಕೇ ಅಷ್ಟು ಬಿಟ್ಟಿರುವಾಗ ಮರದ್ದಕ್ಕೆ ಬಿಡದಿರುವುದು ಹೇಗೆ?

ಒಳಗಿನ ಲೆಕ್ಕವೂ ಹೀಗೆಯೇ ಮೋಸ ಮಾಡುತ್ತದೆ. 12 ಅಡಿ ಅಗಲದಲ್ಲಿ ಗೋಡೆಯ ದಪ್ಪಕ್ಕೆ ಅರ್ಧ ಅಡಿ ಹೋಯಿತು. ಮೂಟೆ ಗೋಡೆಗೆ ತಾಗಬಾರದಾದ್ದರಿಂದ ಎರಡೂ ಕಡೆ ಒಂದೊಂದು ಅಡಿ, ಆಳು ಮೂಟೆ ಹೊತ್ತು ತಿರುಗಲು ಮೂರಡಿ ಓಣಿ. ಉಳಿದದ್ದು ಆರೂವರೆ ಅಡಿ. ಆದ್ದರಿಂದ ಮೊದಲು ಮನೆಯ ಮುಂದೆ ಮೂಟೆಗಳನ್ನು ಒಟ್ಟಿ ನೋಡಿ, ಆಮೇಲೆ ಶೆಡ್ಡಿನ ಅಳತೆ ಹೇಳುವುದು ಸರಿಯಾದ ಕ್ರಮ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಣದ ಪಕ್ಕದಲ್ಲೇ ಶೆಡ್ಡು ಇರಲಿ, ಸಂಜೆ ಮಾಲು ಎತ್ತಿ ಒಳಗಿಡಲು ಅನುಕೂಲ ಎಂದು ಎಲ್ಲರೂ ಬಯಸುತ್ತಾರೆ. ಬಯಕೆ ತಪ್ಪಲ್ಲ, ಯಾವ ಪಕ್ಕ ಎಂಬುದೇ ಪ್ರಶ್ನೆ. ಅರೇಬಿಕಾ ಕೊಯ್ಲು, ಅಡಿಕೆ ಒಣಗಿಸುವಿಕೆ ಎಲ್ಲ ನಡೆಯುವ ದಿನಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮ ಸೀಮೆಯಲ್ಲಿ ಡಿಸೆಂಬರ್ ಮೂರನೆಯ ವಾರ ನಡುಮಧ್ಯಾಹ್ನದಲ್ಲಿಯೂ ಅವನು ನೆತ್ತಿಗೆ ಬರುವುದಿಲ್ಲ. ಸುಮಾರು 53 ಡಿಗ್ರಿ ಎತ್ತರದಲ್ಲಿಯೇ ಇರುತ್ತಾನೆ. 12 ಅಡಿ ಎತ್ತರದ ಮಾಡು ಆ ಹೊತ್ತಿನಲ್ಲಿ ಉತ್ತರಕ್ಕೆ ಒಂಬತ್ತು ಅಡಿ ನೆರಳು ಚೆಲ್ಲುತ್ತದೆ. ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಅದೇ ಮಾಡಿನ ನೆರಳು ವಾಯವ್ಯಕ್ಕೆ ಹದಿನೆಂಟು ಅಡಿಗೂ ಹೆಚ್ಚು ಉದ್ದವಿರುತ್ತದೆ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಈಶಾನ್ಯಕ್ಕೆ ಅಷ್ಟೇ. ಕಣದ ದಕ್ಷಿಣಕ್ಕೆ ಶೆಡ್ಡು ನಿಲ್ಲಿಸಿದವನ ಕಣದ ಒಂದು ಪಟ್ಟಿ ಇಡೀ ದಿನ ತಣ್ಣಗಿರುತ್ತದೆ. ಪೂರ್ವಕ್ಕೆ ನಿಲ್ಲಿಸಿದರೆ ಮಂಜು ಆರುವ ಹೊತ್ತು ತಡ. ಪಶ್ಚಿಮಕ್ಕೆ ನಿಲ್ಲಿಸಿದರೆ ಸಂಜೆಯ ಬಿಸಿಲು ಬೇಗ ಹೋಗುತ್ತದೆ. ಹಾಗಾಗಿ ಕಣದ ಉತ್ತರದ ಮಗ್ಗುಲೇ ಶೆಡ್ಡಿಗೆ ಸರಿಯಾದ ಜಾಗ ಎಂಬುದು ನಮ್ಮ ಖಚಿತ ಅಭಿಪ್ರಾಯ. ಬೂಷ್ಟು ಹಿಡಿದ ಕಾಫಿಯ ಬೆಲೆ ಎಲ್ಲರಿಗೂ ಗೊತ್ತು.

ಉತ್ತರದ ಶೆಡ್ಡಿಗೆ ಒಂದು ತೊಡಕಿದೆ. ಬಾಗಿಲು ದಕ್ಷಿಣಕ್ಕೆ, ಕಣದ ಕಡೆಗೆ ಬರುತ್ತದೆ. ಮಳೆಗಾಲದ ಗಾಳಿ ಬೀಸುವುದು ನೈಋತ್ಯದಿಂದ. ಬೇಲೂರಿನ ಪಶ್ಚಿಮಕ್ಕೆ, ಮಲೆನಾಡಿನ ಕಡೆ ತೋಟವಿರುವವರು ಬಾಗಿಲನ್ನು ಪೂರ್ವದ ಮೂಲೆಗೆ ಸರಿಸಿ, ಆ ಭಾಗದ ಸೂರನ್ನು ಮೂರಡಿಗೆ ಚಾಚಿಸಬೇಕು. ಆ ಹೆಚ್ಚಿನ ಒಂದೂವರೆ ಅಡಿಯನ್ನೂ ನೆಲದ ಮೇಲೆ ಮೊದಲೇ ಅಳೆದಿಡತಕ್ಕದ್ದು. ಬಾಗಿಲು ಹೊರಕ್ಕೆ ತೆರೆಯುವುದಾದರೆ ಅದರ ಬೀಸಿಗೂ ಜಾಗ ಬೇಕು.

ಅಳೆಯುವ ಕೆಲಸ ಕಷ್ಟವಿಲ್ಲ. ಐವತ್ತು ಅಡಿಯ ಟೇಪು, ಹುರಿ, ನಾಲ್ಕು ಗೂಟ, ಜೊತೆಗೊಬ್ಬ ಆಳು ಇದ್ದರೆ ಸಾಕು. ಹೆಜ್ಜೆ ಹಾಕಿ, ಮಾರು ಹಾಕಿ ಹೇಳುವ ಲೆಕ್ಕ ಬೇಡ. ಅಪ್ಪನ ಮಾರಿಗೂ ಮಗನ ಮಾರಿಗೂ ಅರ್ಧ ಅಡಿ ವ್ಯತ್ಯಾಸ. ಮೂಲೆ ಮಟ್ಟಸವಾಗಿದೆಯೇ ಎಂದು ತಿಳಿಯಲು ಒಂದು ಬದಿಯಲ್ಲಿ ಆರು ಅಡಿ, ಇನ್ನೊಂದು ಬದಿಯಲ್ಲಿ ಎಂಟು ಅಡಿ ಗುರುತು ಮಾಡಿ; ಎರಡು ಗುರುತಿನ ನಡುವೆ ಓರೆಯಾಗಿ ಸರಿಯಾಗಿ ಹತ್ತು ಅಡಿ ಬರಬೇಕು. 12ಕ್ಕೆ 16ರ ಶೆಡ್ಡಿಗೆ ಮೂಲೆಯಿಂದ ಮೂಲೆಗೆ 20 ಅಡಿ. ಎರಡು ಓರೆಗಳಲ್ಲಿ ಒಂದು ಹೆಚ್ಚು ಒಂದು ಕಡಿಮೆ ಬಂದರೆ ಗೂಟ ಸರಿಸಿ. ಗಾರೆಯ ಗೋಡೆಯನ್ನು ಮೇಸ್ತ್ರಿ ಹೇಗೋ ಹೊಂದಿಸಿಕೊಂಡಾನು. ಕೊಯ್ದು ತಂದ ಹಲಗೆ ಹೊಂದಿಕೊಳ್ಳುವುದಿಲ್ಲ.

ಇಳಿಜಾರಿನಲ್ಲಿ ನೆಲದ ಮೇಲೆ ಟೇಪು ಮಲಗಿಸಿ ಅಳೆಯಬಾರದು. ಹದಿನಾರು ಅಡಿಗೆ ನಾಲ್ಕು ಅಡಿ ಇಳಿಯುವ ಜಾಗದಲ್ಲಿ ಮಟ್ಟದ ಅಳತೆ ಹದಿನೈದೂವರೆ ಅಡಿ ಮಾತ್ರ. ಟೇಪನ್ನು ಅಡ್ಡಲಾಗಿ ಬಿಗಿ ಹಿಡಿದು, ತುದಿಯಿಂದ ತೂಕದ ಗುಂಡು ಇಳಿಬಿಟ್ಟು ಗುರುತು ಮಾಡಬೇಕು. ಎಷ್ಟು ಇಳಿಜಾರಿದೆ ಎಂಬುದನ್ನು ಮೇಸ್ತ್ರಿಯ ನೀರು ತುಂಬಿದ ಟ್ಯೂಬೇ ಹೇಳುತ್ತದೆ. ಕೆಳಬದಿಯ ಕಂಬದ ಕಲ್ಲು ಎಷ್ಟು ಎತ್ತರ ಬೇಕು, ಮೇಲುಬದಿಯ ಮಣ್ಣು ಎಷ್ಟು ತೆಗೆಯಬೇಕು ಎಂಬ ಖರ್ಚು ಆಗಲೇ ಗೊತ್ತಾಗಿಬಿಡುತ್ತದೆ.

ಅರಸೀಕೆರೆ ಕಡೆಯವರಿಗೆ ಇಳಿಜಾರಿನ ತಾಪತ್ರಯ ಕಡಿಮೆ, ತೆಂಗಿನ ತಾಪತ್ರಯ ಹೆಚ್ಚು. ಇಪ್ಪತ್ತೈದು ಮೂವತ್ತು ಅಡಿ ಅಂತರದ ತೋಟದಲ್ಲಿ ನಾಲ್ಕು ಮರಗಳ ನಡುವೆ ಶೆಡ್ಡು ಹಿಡಿಸಿದ ಹಾಗೆ ಕಾಣುತ್ತದೆ. ತಲೆ ಎತ್ತಿ ನೋಡಿದರೆ ಹದಿನೈದು ಅಡಿಯ ಗರಿಗಳು ಮೇಲೆಯೇ ಸೇರಿಕೊಂಡಿರುತ್ತವೆ. ಬೀಳುವ ಕಾಯಿ, ಬೀಳುವ ಗರಿ ಎರಡೂ ಮಾಡಿನ ಮೇಲೆಯೇ. ತೋಟದ ಹೊರಗೆ ಜಾಗ ಹುಡುಕುವುದೇ ಲೇಸು.

ವಿದ್ಯುತ್ ತಂತಿ ಹಾದುಹೋಗಿದ್ದರೆ ಅಳತೆ ಸೂರಿನ ತುದಿಯಿಂದ. 11 ಕೆವಿ ಮಾರ್ಗಕ್ಕೆ ಅಡ್ಡಲಾಗಿ 1.2 ಮೀಟರ್, ಮಾಡಿನ ಮೇಲೆ 3.7 ಮೀಟರ್ ಕನಿಷ್ಠ ಅಂತರವಿರಬೇಕೆಂದು ನಿಯಮವಿದೆ. ನೆರೆಯವರ ಗಡಿ ಹತ್ತಿರವಿದ್ದರೆ ನಿಮ್ಮ ಸೂರಿನ ನೀರು ನಿಮ್ಮ ನೆಲದಲ್ಲೇ ಬೀಳಬೇಕು. ಗಡಿಯ ಬಗ್ಗೆ ಅನುಮಾನವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಕಲ್ಲು ಗುರುತಿಸಿಕೊಂಡ ಮೇಲೆಯೇ ಗೂಟ ಹೊಡೆಯುವುದು. ಸಾಗುವಳಿಗೆ ಬೇಕಾದ ಕಟ್ಟಡವನ್ನು ತನ್ನ ಜಮೀನಿನಲ್ಲಿ ಕಟ್ಟಿಕೊಳ್ಳುವ ಹಕ್ಕು 1964ರ ಭೂಕಂದಾಯ ಕಾಯಿದೆಯಲ್ಲಿ ರೈತನಿಗಿದೆ. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಅದು ಬೇರೆಯೇ ಬಾಬ್ತು. ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಕಾಡಾನೆ ಓಡಾಡುವ ಕಡೆ ಅವುಗಳ ಜಾಡಿನಿಂದ ದೂರವಿರಿ ಎಂದು ಬೇಲೂರಿನವರಿಗೆ ನಾವು ಹೇಳಬೇಕಾಗಿಲ್ಲ.

ಸಿದ್ಧ ಕಟ್ಟಡವಾದರೆ ಗೇಟಿನಿಂದ ಕಣದವರೆಗಿನ ದಾರಿಯನ್ನೂ ಅಳೆಯಿರಿ. ಲಾರಿಗೆ ಎಂಟೂವರೆ ಅಡಿ ಅಗಲವಾದರೂ ಬೇಕು, ತಿರುವಿನಲ್ಲಿ ಇನ್ನೂ ಹೆಚ್ಚು. ಲಾರಿ ರಸ್ತೆಯಲ್ಲೇ ನಿಂತರೆ ಹೊತ್ತು ತರುವ ಕೂಲಿ ಯಾರದು ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿ. ಅಳತೆಯನ್ನೆಲ್ಲ ಒಂದು ಹಾಳೆಯಲ್ಲಿ ಉತ್ತರ ದಿಕ್ಕು ಗುರುತಿಸಿ ಬರೆದು, ಒಂದು ಪ್ರತಿ ಮಾರುವವರಿಗೆ ಕೊಡಿ. ಹೇಳಿದ ಅಳತೆ ಗೋಡೆಯದೋ ಸೂರಿನದೋ, ಅಡಿಯಲ್ಲೋ ಮೀಟರಿನಲ್ಲೋ ಎಂಬುದನ್ನು ರಸೀತಿಯಲ್ಲೇ ಬರೆಸಿಕೊಳ್ಳಿ.

ಗೂಟ ಹೊಡೆದ ಮೇಲೆ ನಡುವೆ ಹನ್ನೆರಡು ಅಡಿಯ ಬಿದಿರುಗಳವೊಂದನ್ನು ನೆಟ್ಟು, ಡಿಸೆಂಬರಿನ ಒಂದು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದರ ನೆರಳಿನ ತುದಿಗೆ ಸುಣ್ಣ ಹಾಕಿ ನೋಡಬಹುದು. ಅಲ್ಲಿಯವರೆಗೆ ಕಾಯಲಾಗದವರು ಮೇಲೆ ಕೊಟ್ಟ ಅಡಿಗಳನ್ನೇ ಹಿಡಿದು ಗುರುತು ಹಾಕಿಕೊಳ್ಳಲಿ.