ಸ್ವಂತದ್ದೊಂದು ಫೈಲ್ ಅಪ್‌ಲೋಡ್ ತಾಣ

ಬ್ರೌಸರ್‌ನಲ್ಲಿ ಫೈಲ್ ಆರಿಸಿ ಸರ್ವರ್‌ಗೆ ಕಳಿಸುವ ವಿಧಾನವನ್ನು ಮೊದಲು ವಿವರಿಸಿದ್ದು 1995ರ ಆರ್‌ಎಫ್‌ಸಿ 1867 ಎಂಬ ದಾಖಲೆ. ಇವತ್ತಿನ ಅಪ್‌ಲೋಡ್ ಫಾರ್ಮ್‌ಗಳಿಗೂ ಅದೇ ಅಡಿಪಾಯ. ಸ್ವಂತ ತಾಣಕ್ಕೆ ದೊಡ್ಡ ಯಂತ್ರವೇನೂ ಬೇಡ. ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ ಅಥವಾ ಬಾಡಿಗೆಯ ಚಿಕ್ಕ ಸರ್ವರ್ ಇದ್ದು, ಅದರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಮತ್ತು ಸ್ಕ್ರಿಪ್ಟ್ ಬರೆಯಲು ಪಿಎಚ್‌ಪಿ ಭಾಷೆ ಇದ್ದರೆ ಸಾಕು.

ಫಾರ್ಮ್‌ನ ಎನ್‌ಕೋಡಿಂಗ್ ‘ಮಲ್ಟಿಪಾರ್ಟ್ ಫಾರ್ಮ್ ಡೇಟಾ’ ಆಗಿರಬೇಕು. ಅದನ್ನು ಬರೆಯಲು ಮರೆತರೆ ಫೈಲಿನ ಹೆಸರಷ್ಟೇ ಸರ್ವರ್ ತಲುಪುತ್ತದೆ, ಒಳಗಿನದ್ದು ತಲುಪುವುದಿಲ್ಲ. ಬಂದ ಫೈಲನ್ನು ಪಿಎಚ್‌ಪಿ ತಾತ್ಕಾಲಿಕ ಫೋಲ್ಡರ್‌ನಲ್ಲಿ ಇಡುತ್ತದೆ. ಸ್ಕ್ರಿಪ್ಟ್ ಅದನ್ನು ಬೇರೆಡೆಗೆ ಸರಿಸದಿದ್ದರೆ ಕೆಲಸ ಮುಗಿದ ಕೂಡಲೇ ಅಳಿಸಿಹೋಗುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಗಾತ್ರದ ಮಿತಿಯಲ್ಲಿ. ಬದಲಾಯಿಸದೆ ಬಿಟ್ಟರೆ ಎಂಜಿನ್‌ಎಕ್ಸ್ ಒಪ್ಪುವುದು 1 ಎಂಬಿ ಮಾತ್ರ. ಮೊಬೈಲಿನ 4 ಎಂಬಿ ಫೋಟೋ ಕಳಿಸಿದರೆ 413 ಎಂಬ ದೋಷಸಂಖ್ಯೆ ಕಾಣಿಸುತ್ತದೆ. ಅದನ್ನು ಸರಿಪಡಿಸಿದರೂ ಪಿಎಚ್‌ಪಿಯಲ್ಲಿ ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮ್‌ಗೆ 8 ಎಂಬಿ ಎಂಬ ಮಿತಿಗಳಿವೆ. ಮೂರನ್ನೂ ಒಟ್ಟಿಗೆ ಏರಿಸಬೇಕು.

ಇಷ್ಟಕ್ಕೆ ತಾಣ ನಡೆಯುತ್ತದೆ, ಆದರೆ ಸುರಕ್ಷಿತವಾಗಿರುವುದಿಲ್ಲ. ಯಾರೋ ಪಿಎಚ್‌ಪಿ ಫೈಲನ್ನೇ ಅಪ್‌ಲೋಡ್ ಮಾಡಿ, ಅದರ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಅದು ಸರ್ವರ್‌ನಲ್ಲೇ ಓಡಬಹುದು. ಆಗ ಇಡೀ ಯಂತ್ರ ಪರರ ಕೈಗೆ ಹೋಗಬಹುದು. ಫೈಲಿನ ಪ್ರಕಾರದ ಬಗ್ಗೆ ಬ್ರೌಸರ್ ಕೊಡುವ ಮಾಹಿತಿಯನ್ನೂ ನಂಬುವಂತಿಲ್ಲ. ಕಳಿಸುವವರು ಅದನ್ನು ಸುಲಭವಾಗಿ ತಿದ್ದಬಲ್ಲರು. ಆದ್ದರಿಂದ ಫೈಲುಗಳನ್ನು ವೆಬ್ ಫೋಲ್ಡರ್‌ನ ಹೊರಗೆ, ಊಹಿಸಲಾಗದ ಹೊಸ ಹೆಸರಿನಲ್ಲಿ ಇಡಬೇಕು. ಕೇಳಿದಾಗ ಸ್ಕ್ರಿಪ್ಟ್ ಮೂಲಕ ಡೌನ್‌ಲೋಡ್ ಆಗಿಯೇ ಕೊಡಬೇಕು.

ಪಾಸ್‌ವರ್ಡ್ ಇಲ್ಲದ ಅಪ್‌ಲೋಡ್ ಪುಟವನ್ನು ಅಂತರಜಾಲಕ್ಕೆ ತೆರೆದಿಡುವುದು ತಪ್ಪೇ ಸರಿ. ಅಪರಿಚಿತರು ಡಿಸ್ಕ್ ತುಂಬಿಸುತ್ತಾರೆ, ಕಾನೂನು ಒಪ್ಪದ್ದನ್ನೂ ತಂದು ಸುರಿಯಬಹುದು. ಹಾಗಾಗಿ ಪಾಸ್‌ವರ್ಡ್ ಇಡಬೇಕು. ಅದು ದಾರಿಯಲ್ಲಿ ಬಯಲಾಗದಿರಲು ಎಚ್‌ಟಿಟಿಪಿಎಸ್ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ.

ಮನೆಯ ಇಂಟರ್ನೆಟ್‌ನಲ್ಲಿ ಇನ್ನೊಂದು ತೊಡಕಿದೆ. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಸಂಪರ್ಕವಾದರೆ ಹೊರಗಿನವರು ಮನೆಯ ಸರ್ವರ್‌ಗೆ ನೇರವಾಗಿ ಬರಲಾರರು. ಅಲ್ಲಿ ಬಾಡಿಗೆ ಸರ್ವರ್ ಬಳಸುವುದೇ ಸಲೀಸು. ಕೋಡ್ ಬರೆಯಲು ಒಲ್ಲದವರಿಗೆ 2016ರಲ್ಲಿ ಶುರುವಾದ ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶ ಸಿದ್ಧವಾಗಿಯೇ ಸಿಗುತ್ತದೆ. ಯಾವುದನ್ನೇ ಬಳಸಿದರೂ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು.

ತಾಣದ ವಿಳಾಸವನ್ನು ಇತರರಿಗೆ ಕೊಡುವ ಮುನ್ನ ಒಂದು ಸಾಲಿನ ಪಿಎಚ್‌ಪಿ ಫೈಲನ್ನು ಅಪ್‌ಲೋಡ್ ಮಾಡಿ ತೆರೆದು ನೋಡಿ. ಅದು ಓಡದೆ, ಬರೀ ಡೌನ್‌ಲೋಡ್ ಆದರೆ ಮಾತ್ರ ಮುಂದುವರಿಯಿರಿ.