ಸಬ್ಬತ್ತು ಮತ್ತು ಸಭೆ

'ಸಬ್ಬತ್' ಎಂಬುದು ಹೀಬ್ರೂ ಮಾತು. ನಿಲ್ಲಿಸುವುದು, ಕೈಬಿಡುವುದು ಎಂದು ಅದರ ಮೂಲಾರ್ಥ. ಕ್ರೈಸ್ತನಾದ ನನ್ನನ್ನು ಮಿತ್ರರು ಆಗಾಗ ಕೇಳುವುದುಂಟು: ದೇವರು ಸರ್ವಾಂತರ್ಯಾಮಿಯಾದರೆ ಆತನ ಆರಾಧನೆಗೆ ಗೊತ್ತಾದ ದಿನವೇಕೆ, ಗುಂಪೇಕೆ? ಏಕಾಂತದಲ್ಲಿ ಧ್ಯಾನಿಸಿದರೆ ಸಾಲದೆ? ಏಕಾಂತದ ಪ್ರಾರ್ಥನೆಯನ್ನು ಯೇಸುವೂ ಬೋಧಿಸಿದ್ದಾನೆ. ಆದರೆ ಸಬ್ಬತ್ತು ಒಬ್ಬನೇ ಆಚರಿಸಬಹುದಾದ ವ್ರತವಲ್ಲ.

ಹಳೆಯ ಒಡಂಬಡಿಕೆಯಲ್ಲಿ ದಶಾಜ್ಞೆಗಳು ಎರಡೆಡೆ ಬರುತ್ತವೆ. ಸಬ್ಬತ್ತಿಗೆ ಅಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ. ಆರು ದಿನ ಸೃಷ್ಟಿಕಾರ್ಯ ನಡೆಸಿದ ದೇವರು ಏಳನೆಯ ದಿನ ವಿಶ್ರಮಿಸಿದನೆಂಬುದು ವಿಮೋಚನಕಾಂಡದ ಕಾರಣ. ಐಗುಪ್ತದಲ್ಲಿ ನೀನೂ ದಾಸನಾಗಿದ್ದೆ ಎಂಬುದನ್ನು ನೆನೆಯಬೇಕೆಂಬುದು ಧರ್ಮೋಪದೇಶಕಾಂಡದ ಕಾರಣ. ಬಿಡುವು ಯಾರಿಗೆಲ್ಲ ಸಲ್ಲಬೇಕೆಂಬ ಪಟ್ಟಿಯಲ್ಲಿ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರೂ ಇದ್ದಾರೆ. ಯಜಮಾನ ವಿಶ್ರಮಿಸಿ ಆಳು ದುಡಿದರೆ ಸಬ್ಬತ್ತು ಮುರಿದಂತೆಯೇ.

ಯೆಹೂದ್ಯರ ಸಬ್ಬತ್ತು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ಇರುಳು ಕವಿಯುವವರೆಗೆ. ಕ್ರಿಸ್ತನ ಪುನರುತ್ಥಾನದ ನೆನಪಿಗಾಗಿ ಕ್ರೈಸ್ತರು ವಾರದ ಮೊದಲ ದಿನವಾದ ಭಾನುವಾರ ಕೂಡತೊಡಗಿದರು. ಅದು ರೋಮಿನ ಚಕ್ರಾಧಿಪತ್ಯದಲ್ಲಿ ರಜೆಯ ದಿನವಾಗಿರಲಿಲ್ಲ. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುನ್ನವೇ ಸೇರಿ ಹಾಡುತ್ತಾರೆಂಬ ವಿವರವಿದೆ. ಅವರ ಸಭೆಯಲ್ಲಿ ಸೇವೆಯ ಹೊಣೆ ಹೊತ್ತಿದ್ದ ಇಬ್ಬರು ದಾಸಿಯರನ್ನು ಆತ ಹಿಂಸಿಸಿ ವಿಚಾರಣೆ ನಡೆಸಿದ. ಭಾನುವಾರ ನಗರವಾಸಿಗಳಿಗೂ ಕುಶಲಕರ್ಮಿಗಳಿಗೂ ಬಿಡುವೆಂದು ಕಾನ್‌ಸ್ಟಂಟೈನ್ ಆಜ್ಞೆ ಹೊರಡಿಸಿದ್ದು 321ರಲ್ಲಿ. ಸಭೆ ಮೊದಲು ಬಂತು, ರಜೆ ಆಮೇಲೆ.

ಕನ್ನಡದ ಪ್ರಾಟೆಸ್ಟೆಂಟರು ಚರ್ಚನ್ನು 'ಸಭೆ' ಎಂದೂ ಅದರ ಗುರುವನ್ನು 'ಸಭಾಪಾಲಕ'ರೆಂದೂ ಕರೆಯುವುದು ಅರ್ಥಪೂರ್ಣವಾಗಿದೆ. ಕಟ್ಟಡಕ್ಕಿಂತ ಕೂಡಿದ ಜನ ಮುಖ್ಯವೆಂಬ ಭಾವ ಆ ಮಾತಿನಲ್ಲಿಯೇ ಅಡಗಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಹೊಸ ಮತವನ್ನು ಸ್ವೀಕರಿಸಿದ ಅನೇಕರು ಮನೆ, ಬಂಧುಬಳಗ, ಕುಲಕಸುಬುಗಳನ್ನು ಕಳೆದುಕೊಂಡರು. ಮಿಶನ್ನು ತೆರೆದ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಅವರಿಗೆ ಅನ್ನ ಕೊಟ್ಟವು. ಬಳಗವಾಗಿ ಒದಗಿದ್ದು ಸಭೆ.

ಎಲ್ಲರಿಗೂ ಬಿಡುವಿದ್ದು, ಅದು ಒಂದೇ ದಿನ ಬಾರದಿದ್ದರೆ ಏನಾಗುತ್ತದೆ? ಸೋವಿಯತ್ ದೇಶ 1929ರಲ್ಲಿ ಇದನ್ನು ಪ್ರಯೋಗಿಸಿ ನೋಡಿತು. ಯಂತ್ರಗಳು ನಿಲ್ಲಬಾರದೆಂದು ಕಾರ್ಮಿಕರನ್ನು ಐದು ಪಂಗಡಗಳಾಗಿ ವಿಂಗಡಿಸಿ, ಪ್ರತಿ ಪಂಗಡಕ್ಕೂ ಐದು ದಿನಗಳಿಗೊಮ್ಮೆ ಬೇರೆ ಬೇರೆ ದಿನ ರಜೆ ಕೊಡಲಾಯಿತು. ಲೆಕ್ಕದಲ್ಲಿ ಬಿಡುವು ಹೆಚ್ಚಿತು. ಆದರೆ ಗಂಡನಿಗೆ ರಜೆಯಾದಂದು ಹೆಂಡತಿಗೆ ಕೆಲಸ, ಗೆಳೆಯರಿಗೆ ಮತ್ತೊಂದು ದಿನ. ಜನರ ಅತೃಪ್ತಿಯ ನಡುವೆ 1931ರಲ್ಲಿ ಆ ಪದ್ಧತಿ ಬದಲಾಯಿತು. 1940ರಲ್ಲಿ ಏಳು ದಿನಗಳ ವಾರವೂ ಭಾನುವಾರದ ರಜೆಯೂ ಮರಳಿದವು.

2020ರ ಕೊರೋನಾ ಕಾಲದಲ್ಲಿ ದೇವಾಲಯಗಳು ಮುಚ್ಚಿದಾಗ ಪ್ರಸಂಗವೇನೋ ಕೈಯ ಫೋನಿಗೇ ಬಂತು. ಕೇಳಿದೆವು, ಸಮಾಧಾನವೂ ಆಯಿತು. ಆದರೆ ಪಕ್ಕದಲ್ಲಿ ಹಾಡುವ ಕಂಠವಿರಲಿಲ್ಲ. ಈ ವಾರ ಯಾರು ಬಂದಿಲ್ಲ, ಏಕೆ ಬಂದಿಲ್ಲ ಎಂದು ಕೇಳುವವರಿರಲಿಲ್ಲ. ಸಭೆಯೆಂದರೆ ಒಬ್ಬರ ಗೈರುಹಾಜರಿ ಇನ್ನೊಬ್ಬರಿಗೆ ತಿಳಿಯುವ ಸ್ಥಳ.

ಹಾಗಿರುವಲ್ಲಿ ನಮ್ಮ ಭಾನುವಾರವನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಕಾಗುತ್ತದೆ. ಆಸ್ಪತ್ರೆಯ ದಾದಿಗೆ, ಬಸ್ಸಿನ ಚಾಲಕನಿಗೆ ಅಂದು ಬಿಡುವಿಲ್ಲ. ಅವರಿಗಾಗಿ ಬೆಳಗಿನ ಜಾವವೋ ಸಂಜೆಯೋ ಇನ್ನೊಂದು ಆರಾಧನೆ ನಡೆಸುವ ಸಭೆಗಳು ಆ ಪುರಾತನ ದಾಸಿಯರ ವೇಳೆಯನ್ನು ಮರೆತಿಲ್ಲವೆನ್ನಬೇಕು. ಇನ್ನು, ನಮ್ಮ ಮನೆಗಳಲ್ಲಿ ಹೆಚ್ಚಿನ ಅಡುಗೆ ನಡೆಯುವುದೂ ಭಾನುವಾರವೇ. ಆಜ್ಞೆಯ ಪಟ್ಟಿಯಲ್ಲಿ ಹೆಂಡತಿಯನ್ನು ಬೇರೆಯಾಗಿ ಹೆಸರಿಸಿಲ್ಲ. 'ನೀನು' ಎಂಬಲ್ಲಿಯೇ ಆಕೆಯೂ ಸೇರಿದ್ದಾಳೆ ಎನ್ನುವ ವ್ಯಾಖ್ಯಾನವುಂಟು. ಅದನ್ನು ಒಪ್ಪುವವರು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಯಾರಿದ್ದಾರೆಂದು ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.