ಕಾಗದಕ್ಕಾಗಿ ಮುಳುಗಿದ ದಡ

ಕಾಗದದ ಕಂಪನಿ ಬರುವುದಕ್ಕೆ ಎಷ್ಟೋ ಮೊದಲೇ ಎಕ್ಸ್‌ಪ್ಲಾಯ್ಟ್ಸ್ ನದಿಯ ದಂಡೆಯಲ್ಲಿ ಬಿಯೋಥಕ್ ಜನ ಮರ ಉರುಳಿಸುತ್ತಿದ್ದರು. ಕಾಂಡವನ್ನು ಪೂರ್ತಿ ಕಡಿಯದೆ, ಬುಡಕ್ಕೆ ಅಂಟಿಕೊಂಡಂತೆಯೇ ಸಾಲಾಗಿ ಕೆಡವಿ ಮೈಲುಗಟ್ಟಲೆ ಬೇಲಿ ಕಟ್ಟುತ್ತಿದ್ದರು. ವಲಸೆ ಹೊರಟ ಕ್ಯಾರಿಬೂ ಜಿಂಕೆಗಳ ಹಿಂಡು ಆ ಬೇಲಿಗುಂಟ ಬಂದು ನೀರಿಗಿಳಿದಾಗ ಈಟಿ ಹಿಡಿದವರು ಅಲ್ಲಿ ಕಾದಿರುತ್ತಿದ್ದರು. ಶರತ್ಕಾಲದ ಆ ಬೇಟೆಯ ಮಾಂಸವೇ ಚಳಿಗಾಲದ ಊಟ. 1768ರಲ್ಲಿ ನದಿಗುಂಟ ಮೇಲೆ ನಡೆದು ಬಂದ ನೌಕಾ ಅಧಿಕಾರಿ ಜಾನ್ ಕಾರ್ಟ್‌ರೈಟ್ ಈ ಬೇಲಿಗಳನ್ನು ಕಂಡು ದಾಖಲಿಸಿದ್ದಾನೆ.

ಆ ನದಿ ಹೊರಡುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಒಳನಾಡಿನಲ್ಲಿರುವ ನೀಳ ಸರೋವರದಿಂದ. ಮೈಗೆ, ದೋಣಿಗೆ ಕೆಮ್ಮಣ್ಣು ಬಳಿದುಕೊಳ್ಳುತ್ತಿದ್ದ ಬಿಯೋಥಕ್‌ರನ್ನು ಯುರೋಪಿನವರು ಕೆಂಪು ಇಂಡಿಯನ್ನರೆಂದು ಕರೆದರು. ಸರೋವರವೂ ರೆಡ್ ಇಂಡಿಯನ್ ಲೇಕ್ ಆಯಿತು. ಕರಾವಳಿಯನ್ನೂ ಸಾಲ್ಮನ್ ಮೀನಿನ ಹೊಳೆಗಳನ್ನೂ ವಲಸಿಗರು ಹಿಡಿದುಕೊಂಡ ಮೇಲೆ ಉಳಿದ ಬಿಯೋಥಕ್‌ರಿಗೆ ಒಳನಾಡೇ ಆಸರೆಯಾಯಿತು. ಹಸಿವು, ಕ್ಷಯ, ಬಂದೂಕು ಅಲ್ಲಿಗೂ ಬೆನ್ನಟ್ಟಿ ಬಂದವು.

1819ರ ಮಾರ್ಚ್‌ನಲ್ಲಿ, ಕಳುವಾದ ಸಾಮಾನು ಹುಡುಕುವ ನೆಪದಲ್ಲಿ ವಲಸಿಗ ಜಾನ್ ಪೇಟನ್‌ನ ತಂಡ ಹೆಪ್ಪುಗಟ್ಟಿದ ಸರೋವರಕ್ಕೆ ಬಂತು. ಸೆರೆಸಿಕ್ಕ ಹೆಂಡತಿ ಡೆಮಾಸ್ಡುಯಿಟ್‌ಳನ್ನು ಬಿಡಿಸಿಕೊಳ್ಳಲು ಬಂದ ಬಿಯೋಥಕ್ ಮುಖಂಡ ನೊನೊಸಬಾಸುಟ್‌ನನ್ನು ಆ ಮಂಜಿನ ಮೇಲೆಯೇ ಕೊಂದರು. ಅವಳು ಎಳೆಗೂಸಿನ ತಾಯಿ. ಅವಳನ್ನು ಒಯ್ದ ಕೆಲವೇ ದಿನಗಳಲ್ಲಿ ಕೂಸೂ ಸತ್ತಿತು. ಸೇಂಟ್ ಜಾನ್ಸ್‌ನ ಗ್ರ್ಯಾಂಡ್ ಜ್ಯೂರಿಗೆ ಇದರಲ್ಲಿ ಅಪರಾಧ ಕಾಣಲಿಲ್ಲ. ಸೆರೆಸಿಕ್ಕ ತಿಂಗಳಿನಿಂದ ಮೇರಿ ಮಾರ್ಚ್ ಎಂಬ ಹೆಸರು ಹೊತ್ತ ಡೆಮಾಸ್ಡುಯಿಟ್ 1820ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡಳು. ಕ್ಯಾಪ್ಟನ್ ಡೇವಿಡ್ ಬುಕಾನ್ ಅವಳ ಶವವನ್ನು ಸರೋವರದ ದಡಕ್ಕೆ ತಂದಿರಿಸಿದ.

ಇದೆಲ್ಲವನ್ನೂ ಬಿಯೋಥಕ್‌ರ ಕಡೆಯಿಂದ ನೋಡಲು ನಮಗೆ ಸಾಧ್ಯವಾಗಿರುವುದು ಅವಳ ಸೋದರ ಸೊಸೆ ಶಾನಾಡಿಥಿಟ್‌ಳಿಂದ. 1829ರಲ್ಲಿ ಸಾಯುವ ಮುನ್ನ ಅವಳು ಪರಿಶೋಧಕ ವಿಲಿಯಂ ಕಾರ್ಮ್ಯಾಕ್‌ಗೆ ಸರೋವರದ ನಕ್ಷೆಗಳನ್ನು ಬರೆದುಕೊಟ್ಟಳು: ತನ್ನವರನ್ನು ಕೆಂಪಿನಲ್ಲಿ, ಬಂದವರನ್ನು ಕಪ್ಪಿನಲ್ಲಿ. ಸರೋವರದ ಬಗ್ಗೆ ನಾನು ಮೊದಲು ನಂಬುವ ದಾಖಲೆ ಅದು. ಅದೇ ಕಾರ್ಮ್ಯಾಕ್ ಸಮಾಧಿಯಿಂದ ಡೆಮಾಸ್ಡುಯಿಟ್ ದಂಪತಿಯ ತಲೆಬುರುಡೆಗಳನ್ನು ತೆಗೆದು ಸ್ಕಾಟ್ಲೆಂಡಿಗೆ ಕಳಿಸಿದ್ದ ಎನ್ನುವುದನ್ನು ಮಾತ್ರ ಅರಗಿಸಿಕೊಳ್ಳುವುದು ಕಷ್ಟ.

ಶಾನಾಡಿಥಿಟ್ ಸತ್ತ ಮೇಲೆ ಬಿಯೋಥಕ್‌ರು ಅಳಿದರೆಂದು, ಇದು ಜನವಿಲ್ಲದ ಕಾಡೆಂದು ಬಗೆದಿದ್ದರಿಂದಲೇ ಮುಂದಿನದು ಸಲೀಸಾಯಿತು. 1900ರ ಹೊತ್ತಿಗೆ ಸ್ಕಾಟ್ಲೆಂಡಿನ ಮರದ ವ್ಯಾಪಾರಿ ಲೂಯಿಸ್ ಮಿಲ್ಲರ್ ಪೈನ್ ಮರಗಳಿಗಾಗಿ ಇಲ್ಲಿ ಗರಗಸದ ಗಿರಣಿ ಹಾಕಿದ, ಮಿಲ್ಲರ್‌ಟೌನ್ ಹುಟ್ಟಿತು. ಅವನ ಬೆನ್ನಿಗೇ ಲಂಡನ್ನಿನ ‘ಡೇಲಿ ಮೇಲ್’ ಪತ್ರಿಕೆಯ ಹಾರ್ಮ್ಸ್‌ವರ್ತ್ ಸೋದರರು ಬಂದರು. ತಮ್ಮ ಪತ್ರಿಕೆಗಳಿಗೆ ಕಾಗದ ತಪ್ಪದೆ ಸಿಗಬೇಕೆಂದು 1905ರಲ್ಲಿ ಆಂಗ್ಲೋ-ನ್ಯೂಫೌಂಡ್‌ಲ್ಯಾಂಡ್ ಡೆವಲಪ್‌ಮೆಂಟ್ ಕಂಪನಿ ಕಟ್ಟಿ, ವಿಶಾಲ ಕಾಡನ್ನು 99 ವರ್ಷಗಳ ಗುತ್ತಿಗೆಗೆ ಪಡೆದರು. 1909ರಲ್ಲಿ ಗ್ರ್ಯಾಂಡ್ ಫಾಲ್ಸ್‌ನ ಕಾರ್ಖಾನೆ ಶುರುವಾಯಿತು. ಕಡಿದ ದಿಮ್ಮಿಗಳನ್ನು ನದಿಯೇ ಹೊತ್ತು ತರಬೇಕು, ಯಂತ್ರಗಳಿಗೆ ನೀರೂ ಬೇಕು. ಅದಕ್ಕೆಂದು ಸರೋವರದ ಬಾಯಿಗೆ ಅಣೆಕಟ್ಟು ಬಿತ್ತು, ನೀರು ಏರಿತು. ಬಿಯೋಥಕ್‌ರ ಚಳಿಗಾಲದ ಮನೆಗಳಿದ್ದ ಹಳೆಯ ದಡ ಬಹುಪಾಲು ಅದರಡಿ ಹೋಯಿತು.

ಕಾಡು ಕಡಿದವರ ಬಾಳೂ ಹಗುರವಿರಲಿಲ್ಲ. ಕೂಲಿಗಾಗಿ, ಶಿಬಿರಗಳ ದುಃಸ್ಥಿತಿಯ ವಿರುದ್ಧ 1959ರಲ್ಲಿ ಅವರು ಹೂಡಿದ ಮುಷ್ಕರ ಬ್ಯಾಜರ್ ಊರಿನಲ್ಲಿ ಹೊಡೆದಾಟಕ್ಕೆ ತಿರುಗಿ ಪೊಲೀಸನೊಬ್ಬ ಸತ್ತ; ಸರ್ಕಾರ ಅವರ ಸಂಘವನ್ನೇ ಮುರಿಯಿತು. ಐವತ್ತು ವರ್ಷಗಳ ಬಳಿಕ, 2009ರಲ್ಲಿ ಕಾರ್ಖಾನೆಯೂ ಮುಚ್ಚಿತು.

2020ರಲ್ಲಿ, ದ್ವೀಪದ ಇನ್ನೊಂದು ಮೂಲನಿವಾಸಿಗಳಾದ ಮಿಕ್‌ಮಾ ಜನರ ಮುಖಂಡ ಮಿಸೆಲ್ ಜೋ ವರ್ಷಗಟ್ಟಲೆ ಪಟ್ಟುಹಿಡಿದ ಫಲವಾಗಿ ಕಾರ್ಮ್ಯಾಕ್ ಕಳಿಸಿದ್ದ ಆ ಎರಡು ತಲೆಬುರುಡೆಗಳು ಎಡಿನ್‌ಬರೋದಿಂದ ನ್ಯೂಫೌಂಡ್‌ಲ್ಯಾಂಡಿಗೆ ಮರಳಿದವು. ಮರುವರ್ಷ ಸರ್ಕಾರ ಸರೋವರಕ್ಕೆ ಮಿಕ್‌ಮಾ ಭಾಷೆಯ ಹೆಸರಿಡಲು ಹೊರಟಾಗ, ತಮ್ಮನ್ನು ಕೇಳಲಿಲ್ಲವೆಂದು ಸುತ್ತಲಿನ ಜನ ತಡೆದರು. ಚರ್ಚೆಯ ಬಳಿಕ ಈಗ ಅದು ಬಿಯೋಥಕ್ ಲೇಕ್. ಮಿಲ್ಲರ್, ಬುಕಾನ್ ಇಬ್ಬರ ಹೆಸರಿನ ಊರುಗಳೂ ಇರುವ ನಕ್ಷೆಯಲ್ಲಿ ಅದು ಬಹಳ ಮೊದಲೇ ಬರಬೇಕಿದ್ದ ಹೆಸರು.